ಜಾಯಿಕಾಯಿ ಮರ: ಮಲೆನಾಡಿನ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ತೋಟಗಳಲ್ಲಿ ಈಗ ಜಾಯಿಕಾಯಿ ಮಾತು ಜಾಸ್ತಿ. ಕಾಫಿ, ಮೆಣಸು, ಅಡಿಕೆಯ ಜೊತೆ ಇನ್ನೊಂದು ಬೆಳೆ ಕೈಯಲ್ಲಿರಲಿ ಎನ್ನುವವರು ಕೇಳುತ್ತಾರೆ. ಅಜ್ಜನ ಕಾಲದ ಮರವೊಂದು ಹಿತ್ತಲಲ್ಲಿದೆ, ಕಾಯಿಯೇ ಬಿಡುತ್ತಿಲ್ಲ ಎನ್ನುವವರೂ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಒಂದೇ ಮಾತಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಓದಬೇಕು.

ಜಾಯಿಕಾಯಿ ನಮ್ಮ ಮಲೆನಾಡಿನದೇ ಮರವಾ?

ಅಲ್ಲ. ಅದರ ತವರು ಇಂಡೋನೇಷ್ಯಾದ ಬಂಡಾ ದ್ವೀಪಗಳು. ಮಲುಕು ಪ್ರಾಂತ್ಯದ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪಗಳ ಗುಂಪು ಅದು. ಅದರಲ್ಲಿ ಗುನುಂಗ್ ಆಪಿ ಎಂಬ ಜ್ವಾಲಾಮುಖಿ ಬೆಟ್ಟವೂ ಇದೆ. ಅಲ್ಲಿ ಬೆಟ್ಟ ಉಗುಳಿದ ಬೂದಿಯ ಮಣ್ಣು, ವರ್ಷದ ಬಹುಪಾಲು ತಿಂಗಳು ಮಳೆ, ಕಡಲಿನ ತೇವದ ಗಾಳಿ. ಮೇಲೆ ಕೆನಾರಿ ಎಂಬ ಎತ್ತರದ ಮರಗಳ ನೆರಳು. ಕಾಯಿ ಬಿರಿದಾಗ ದೊಡ್ಡ ಕಾಡುಪಾರಿವಾಳಗಳು ಬೀಜವನ್ನು ಇಡಿಯಾಗಿ ನುಂಗಿ, ಬೇರೆ ಕಡೆ ಉದುರಿಸಿ ಕಾಡು ಬೆಳೆಸುತ್ತವೆ.

ಈ ತವರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಈ ಮರ ಕೇಳುವುದು ತೇವ, ನೆರಳು, ನೀರು ನಿಲ್ಲದ ನೆಲ. ಮೂರನ್ನೂ ಕೊಡಲಾಗದ ಜಾಗದಲ್ಲಿ ಅದನ್ನು ನೆಟ್ಟರೆ ಗಿಡಕ್ಕೂ ಕಷ್ಟ, ನಿಮಗೂ ನಷ್ಟ.

ಹಾಗಾದರೆ ನಮ್ಮ ಕಾಡಿನಲ್ಲಿರುವ ರಾಮಪತ್ರೆ ಯಾವುದು?

ಅದು ಜಾಯಿಕಾಯಿಯ ಹತ್ತಿರದ ನೆಂಟ. ಎರಡೂ ಒಂದೇ ಕುಲದವು. ಜಾಯಿಕಾಯಿ ಮಿರಿಸ್ಟಿಕಾ ಫ್ರಾಗ್ರನ್ಸ್, ರಾಮಪತ್ರೆ ಮಿರಿಸ್ಟಿಕಾ ಮಲಬಾರಿಕಾ. ರಾಮಪತ್ರೆ ಪಶ್ಚಿಮ ಘಟ್ಟದ್ದೇ ಮರ. ಘಟ್ಟದ ಅಂಚಿನ ನಿತ್ಯಹಸಿರು ಕಾಡುಗಳಲ್ಲಿ, ಹಳ್ಳದ ಪಕ್ಕದ ತಂಪಿನಲ್ಲಿ ಬೆಳೆಯುತ್ತದೆ. ತೊಗಟೆಗೆ ಕತ್ತಿ ತಾಗಿದರೆ ಕೆಂಪು ರಸ ಒಸರುತ್ತದೆ. ಈ ಇಡೀ ಕುಟುಂಬದ ಗುರುತೇ ಅದು.

ಗುರುತು ಹಿಡಿಯುವುದು ಕಷ್ಟವಲ್ಲ. ಜಾಯಿಕಾಯಿಯ ಹಣ್ಣು ದುಂಡಗೆ, ನುಣ್ಣಗೆ, ಹಳದಿಯಾಗಿರುತ್ತದೆ. ರಾಮಪತ್ರೆಯ ಹಣ್ಣು ಉದ್ದ, ಮೇಲೆ ಕಂದು ರೋಮ ಇರುತ್ತದೆ. ಬೀಜವೂ ಉದ್ದ. ಮುಖ್ಯವಾದ ವ್ಯತ್ಯಾಸ ಪರಿಮಳದ್ದು. ರಾಮಪತ್ರೆಯ ಪತ್ರೆಗೆ, ಅಂದರೆ ಬೀಜದ ಸುತ್ತಲಿನ ಬಲೆಗೆ, ಬಣ್ಣ ಇದೆ, ಘಮ ಬಹಳ ಕಡಿಮೆ. ಜಾಪತ್ರೆಗೆ ಅದನ್ನು ಬೆರೆಸಿ ಮಾರುವ ಮೋಸ ಹಳೆಯದು. ಕೊಳ್ಳುವಾಗ ಮುರಿದು ಮೂಸಿ ನೋಡಿ.

ರಾಮಪತ್ರೆಯನ್ನು ಕಡಿಮೆ ಅಂತ ಮಾತ್ರ ತಿಳಿಯಬೇಡಿ. ಮಂಗಟ್ಟೆ ಹಕ್ಕಿಗಳಿಗೆ ಈ ಜಾತಿಯ ಮರಗಳ ಹಣ್ಣು ದೊಡ್ಡ ಆಹಾರ. ಇದರ ಬಳಗದ ಕೆಲವು ಮರಗಳು ಕಾಡಿನೊಳಗಿನ ಸಿಹಿನೀರಿನ ಜೌಗಿನಲ್ಲಿ, ಬೇರುಗಳನ್ನು ಮಂಡಿಯ ಹಾಗೆ ನೀರಿನಿಂದ ಮೇಲೆತ್ತಿ ನಿಲ್ಲುತ್ತವೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಅಂಥ ಜೌಗು ಇವತ್ತಿಗೂ ಇದೆ. ಅಂಥ ಜಾಗ ಗದ್ದೆಯಾಗಿ, ತೋಟವಾಗಿ ಎಷ್ಟೋ ಹೋಗಿಬಿಟ್ಟಿದೆ. ರಾಮಪತ್ರೆಯೂ ಅಪಾಯದಲ್ಲಿರುವ ಮರಗಳ ಪಟ್ಟಿಗೆ ಸೇರಿದೆ.

ಜಾಯಿಕಾಯಿ, ಜಾಪತ್ರೆ ಎರಡೂ ಒಂದೇ ಮರದ್ದಾ?

ಒಂದೇ ಮರ, ಒಂದೇ ಹಣ್ಣು. ಹಣ್ಣು ಸಣ್ಣ ಪೇರಳೆಯಷ್ಟು ದಪ್ಪ. ಮಾಗಿದಾಗ ಹೊರಗಿನ ದಪ್ಪ ಸಿಪ್ಪೆ ತಾನಾಗಿ ಎರಡಾಗಿ ಬಿರಿಯುತ್ತದೆ. ಒಳಗೆ ಕಪ್ಪು ಮಿಂಚಿನ ಚಿಪ್ಪು, ಅದರ ಸುತ್ತ ಕಡುಗೆಂಪು ಬಲೆ. ಆ ಕೆಂಪು ಬಲೆಯೇ ಜಾಪತ್ರೆ. ಚಿಪ್ಪು ಒಡೆದರೆ ಸಿಗುವ ತಿರುಳು ಜಾಯಿಕಾಯಿ. ತೂಕದಲ್ಲಿ ಜಾಪತ್ರೆ ಬಹಳ ಕಡಿಮೆ ಸಿಗುತ್ತದೆ. ಅದಕ್ಕೇ ಕೆ.ಜಿ. ಲೆಕ್ಕದಲ್ಲಿ ಅದಕ್ಕೆ ಬೆಲೆ ಜಾಸ್ತಿ.

ನಮ್ಮ ಜಿಲ್ಲೆಗಳ ಹವೆಗೆ ಬರುತ್ತದಾ?

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಮಲೆನಾಡು ಭಾಗಕ್ಕೆ ಬರುತ್ತದೆ. ವರ್ಷಕ್ಕೆ 150 ಸೆಂ.ಮೀ.ಗಿಂತ ಹೆಚ್ಚು ಮಳೆ ಬೇಕು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದವರೆಗೂ ಬೆಳೆಯುತ್ತದೆ ಎನ್ನುತ್ತಾರೆ. ಆದರೆ ಇದು ಕಡಲತೀರದ ದ್ವೀಪದ ಮರ ಅಲ್ವಾ, ಬೆಚ್ಚಗಿನ ತೇವ ಅದಕ್ಕೆ ಇಷ್ಟ. ಹಾಗಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಕಣಿವೆಗಳು, ಕಳಸದ ತಗ್ಗಿನ ತೋಟಗಳು, ಸಕಲೇಶಪುರದ ಹಳ್ಳದ ಪಕ್ಕದ ಜಾಗಗಳು ಒಳ್ಳೆಯವು. ಬಾಬಾಬುಡನ್‌ಗಿರಿಯ ಮೇಲಿನ ತಣ್ಣನೆಯ ಅರೇಬಿಕಾ ತೋಟಗಳಿಗೆ ನಾನು ಇದನ್ನು ಹೇಳುವುದಿಲ್ಲ.

ನಮ್ಮಲ್ಲಿರುವ ದೊಡ್ಡ ತೊಂದರೆ ಮಳೆಯ ಪ್ರಮಾಣದ್ದಲ್ಲ, ಹಂಚಿಕೆಯದು. ಬಂಡಾದಲ್ಲಿ ಮಳೆ ವರ್ಷಕ್ಕೆಲ್ಲ ಹಂಚಿಕೊಂಡು ಬರುತ್ತದೆ. ನಮ್ಮಲ್ಲಿ ಆರಿದ್ರಾ, ಪುನರ್ವಸು, ಪುಷ್ಯದಲ್ಲಿ ಮುಗಿಲೇ ಹರಿದಂತೆ ಸುರಿದು, ಆಮೇಲೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಗಿಸುತ್ತದೆ. ಆ ಬೇಸಿಗೆಯಲ್ಲಿ ನೀರು ಕೊಡಲು ಆಗುತ್ತದಾ ಎಂದು ಮೊದಲು ನೋಡಿ. ಕಾಫಿಗೆ ಹೂಮಳೆ ಕೊಡಲು ಸ್ಪ್ರಿಂಕ್ಲರ್ ಇದ್ದರೆ ಅನುಕೂಲ. ಆದರೆ ಜಾಯಿಕಾಯಿಗೆ ಒಂದೆರಡು ಸಲದ ನೀರು ಸಾಲದು. ಬೇಸಿಗೆ ಪೂರ್ತಿ ಬುಡ ತಂಪಾಗಿರಬೇಕು.

ಗಾಳಿಯನ್ನೂ ಮರೆಯಬೇಡಿ. ಈ ಮರದ ಬೇರು ಆಳಕ್ಕೆ ಇಳಿಯುವುದಿಲ್ಲ. ಕೆರಿಬಿಯನ್ನಿನ ಗ್ರೆನಡಾ ದ್ವೀಪ ಜಾಯಿಕಾಯಿಗೆ ಎಷ್ಟು ಹೆಸರುವಾಸಿ ಎಂದರೆ ಅದರ ಧ್ವಜದಲ್ಲೇ ಜಾಯಿಕಾಯಿ ಇದೆ. 2004ರಲ್ಲಿ ಐವಾನ್ ಚಂಡಮಾರುತ ಬೀಸಿದಾಗ ಅಲ್ಲಿನ ಜಾಯಿಕಾಯಿ ಮರಗಳಲ್ಲಿ ಬಹುಪಾಲು ನೆಲ ಕಚ್ಚಿದವು. ನಮ್ಮಲ್ಲಿ ಅಂಥ ಚಂಡಮಾರುತ ಇಲ್ಲ. ಆದರೂ ಕೊಟ್ಟಿಗೆಹಾರದ ಕಡೆಯ ಬೋಳು ದಿಣ್ಣೆಗಳಲ್ಲಿ ಜುಲೈ ಗಾಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗಾಳಿಗೆ ಮರೆ ಇರುವ ಕಡೆ ನೆಡಿ.

ಅರಸೀಕೆರೆ, ಕಡೂರು ಕಡೆ ಹಾಕಬಹುದಾ?

ಬೇಡ. ತೆಂಗಿನ ತೋಟದೊಳಗೆ ನೀರು ಬಿಟ್ಟು ಒಂದೆರಡು ಗಿಡ ಉಳಿಸಿಕೊಳ್ಳಬಹುದು. ಬೆಳೆಯಾಗಿ ಲೆಕ್ಕ ಹಾಕಬೇಡಿ. ಆ ಒಣಹವೆ ಇದಕ್ಕೆ ಆಗುವುದಿಲ್ಲ.

ಸಿಲ್ವರ್ ಓಕ್ ತೆಗೆದು ನೆರಳಿನ ಮರವಾಗಿ ಇದನ್ನು ನೆಡಬಹುದಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಉತ್ತರ: ಬೇಡ. ಜಾಯಿಕಾಯಿ ತಾನೇ ನೆರಳು ಕೇಳುವ ಮರ. ಎಳೆಯದಿದ್ದಾಗ ಬಿಸಿಲು ನೇರ ಬಿದ್ದರೆ ಎಲೆ ಸುಡುತ್ತದೆ. ದೊಡ್ಡದಾದ ಮೇಲೆ ಅದರ ಕೊಂಬೆಗಳು ಕೆಳಗಿನಿಂದಲೇ ಒತ್ತಾಗಿ ಹರಡುತ್ತವೆ. ವರ್ಷವಿಡೀ ಹಸಿರು, ಎಲೆ ಉದುರಿಸುವುದಿಲ್ಲ. ಅದರ ಬುಡದ ಕಾಫಿಗೆ ಬೆಳಕೇ ಸಿಗುವುದಿಲ್ಲ. ಮರಗಸಿ (ನೆರಳು ತಗ್ಗಿಸಲು ಕೊಂಬೆ ಸವರುವುದು) ಮಾಡುತ್ತೇವೆ ಎಂದರೆ ಕಾಯಿ ಬಿಡುವ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಲೂ ಇದು ಸರಿಯಾದ ಮರವಲ್ಲ.

ಬಂಡಾದವರು ಮಾಡಿದ್ದನ್ನೇ ನಾವೂ ಮಾಡಬಹುದು. ಮೇಲೆ ಎತ್ತರದ ಮರ, ಅದರ ಕೆಳಗೆ ಜಾಯಿಕಾಯಿ. ನಮ್ಮ ತೋಟಗಳಲ್ಲಿ ಅತ್ತಿ, ಹಲಸು, ನೇರಳೆ, ನಂದಿ, ಮತ್ತಿ ಇದ್ದೇ ಇರುತ್ತವೆ. ಅವುಗಳ ಕೆಳಗೆ ಕಾಫಿ ಸರಿಯಾಗಿ ಬಾರದ ಜಾಗ ಪ್ರತಿ ತೋಟದಲ್ಲೂ ಇರುತ್ತದೆ: ಹಳ್ಳದ ದಂಡೆ, ರಸ್ತೆಯ ತಗ್ಗಿನ ಬದಿ, ಹಳೆಯ ಏಲಕ್ಕಿ ಮಲೆ. ಅಂಥ ಕಡೆ ಜಾಯಿಕಾಯಿ ಚೆನ್ನಾಗಿ ಕೂರುತ್ತದೆ. ಅಡಿಕೆ ತೋಟದ ಸಾಲಿನ ನಡುವೆಯೂ ಸರಿ. ಆದರೆ ನೀರು ನಿಲ್ಲಬಾರದು, ಬಸಿಗಾಲುವೆ ಆಳವಾಗಿರಬೇಕು. ಗಿಡದಿಂದ ಗಿಡಕ್ಕೆ 8 ಮೀಟರ್ ಬಿಡಿ. ಎಳೆಯ ಗಿಡಕ್ಕೆ ಅದು ತೀರಾ ಜಾಸ್ತಿ ಜಾಗ ಅನ್ನಿಸುತ್ತದೆ. ಹದಿನೈದು ವರ್ಷದ ಮರಕ್ಕೆ ಅಷ್ಟು ಬೇಕೇ ಬೇಕು.

ನಮ್ಮ ಮರ ದೊಡ್ಡದಾಗಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಯಾಕೆ?

ಅದು ಗಂಡು ಮರ ಇರಬೇಕು. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು ಬರುತ್ತವೆ. ಯಾವುದು ಯಾವುದೆಂದು ಹೂ ಬಿಡುವವರೆಗೆ ತಿಳಿಯುವುದಿಲ್ಲ. ಹೂ ಬಿಡಲು ಆರು, ಏಳು ವರ್ಷ. ಅಷ್ಟು ವರ್ಷ ನೀರು, ಗೊಬ್ಬರ, ಆಳಿನ ಕೂಲಿ ಹಾಕಿ ಸಾಕಿದ ಮೇಲೆ ಅರ್ಧ ತೋಟ ಗಂಡು ಎಂದು ಗೊತ್ತಾದರೆ ಬೆಳೆಗಾರನ ಹೊಟ್ಟೆ ಉರಿಯದೇ ಇರುತ್ತದಾ?

ಎಲೆಯ ಆಕಾರ ನೋಡಿ ಗಂಡು ಹೆಣ್ಣು ಹೇಳುತ್ತೇವೆ ಎನ್ನುವವರಿದ್ದಾರೆ. ನಂಬಬೇಡಿ. ಹೂವನ್ನು ನೋಡಿ. ಎರಡೂ ತಿಳಿಹಳದಿ, ಸಣ್ಣ ಗಂಟೆಯಾಕಾರ. ಗಂಡು ಹೂ ಗೊಂಚಲಾಗಿ ಬರುತ್ತವೆ, ಸ್ವಲ್ಪ ತೆಳ್ಳಗೆ. ಹೆಣ್ಣು ಹೂ ಒಂಟಿಯಾಗಿ ಅಥವಾ ಎರಡು ಮೂರು ಬರುತ್ತವೆ, ಬುಡ ಉಬ್ಬಿರುತ್ತದೆ. ಒಂದನ್ನು ಉಗುರಿನಿಂದ ಸೀಳಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ನಡುವೆ ಪರಾಗದ ಕಂಬ ಇದ್ದರೆ ಗಂಡು, ಉಬ್ಬಿದ ಅಂಡಾಶಯ ಇದ್ದರೆ ಹೆಣ್ಣು. ಅಪರೂಪಕ್ಕೆ ಎರಡೂ ಬಗೆಯ ಹೂ ಒಂದೇ ಮರದಲ್ಲಿ ಬರುವುದೂ ಉಂಟು.

ಗಂಡು ಮರ ಸಿಕ್ಕಿತೆಂದು ಎಲ್ಲವನ್ನೂ ಕಡಿಯಬೇಡಿ. ಸಣ್ಣ ಸಣ್ಣ ಕೀಟಗಳು ಗಂಡು ಹೂವಿನಿಂದ ಹೆಣ್ಣು ಹೂವಿಗೆ ಪರಾಗ ಸಾಗಿಸಿದರಷ್ಟೇ ಕಾಯಿ ಕಚ್ಚುತ್ತದೆ. ಹತ್ತು ಹೆಣ್ಣು ಮರಕ್ಕೆ ಒಂದು ಗಂಡು ಇರಬೇಕು. ತೋಟದ ನಾಲ್ಕೂ ಕಡೆ ಹಂಚಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹಿತ್ತಲಿನಲ್ಲಿ ಒಂದೇ ಹೆಣ್ಣು ಮರ ಇದ್ದು ಕಾಯಿ ಬಿಡದಿದ್ದರೆ, ಹತ್ತಿರದಲ್ಲಿ ಗಂಡು ಮರ ಇಲ್ಲ ಎಂದರ್ಥ. ಆಗ ಒಂದು ಕೊಂಬೆಗೆ ಗಂಡು ಮರದ ಕಸಿ ಕಟ್ಟಿದರೂ ಆಗುತ್ತದೆ. ಜಾಸ್ತಿಯಾದ ಗಂಡು ಮರಗಳನ್ನೂ ಹೆಣ್ಣಾಗಿ ಬದಲಿಸಬಹುದು. ಮರವನ್ನು ತಗ್ಗಿಸಿ ಕಡಿದು, ಬಂದ ಚಿಗುರಿಗೆ ಒಳ್ಳೆಯ ಹೆಣ್ಣು ಮರದ ಕಣ್ಣು ಕೂರಿಸುತ್ತಾರೆ. ಕೈ ಪಳಗಿದವರಿಂದ ಮಾಡಿಸಿ.

ಹಾಗಾದರೆ ಕಸಿ ಗಿಡವೇ ಬೇಕಾ?

ಹೌದು, ಹಣ ಹಾಕಿ ಬೆಳೆಯುವವರಿಗೆ ಕಸಿ ಗಿಡವೇ ಬೇಕು. ಹೆಣ್ಣು ಎಂಬುದು ಖಚಿತ, ತಾಯಿಮರದ ಗುಣ ಖಚಿತ, ಫಸಲೂ ಬೇಗ.

ಆದರೆ ಕಸಿ ಗಿಡದಲ್ಲೂ ನೋಡಬೇಕಾದ ಒಂದು ವಿಷಯ ಇದೆ. ನರ್ಸರಿಯವರು ಅದನ್ನು ಹೇಳದೇ ಇರಬಹುದು. ಜಾಯಿಕಾಯಿ ಮರದಲ್ಲಿ ಎರಡು ಬಗೆಯ ಚಿಗುರು ಇರುತ್ತವೆ. ಕಾಂಡದಿಂದ ನೆಟ್ಟಗೆ ಮೇಲೆ ಏಳುವ ಚಿಗುರು ಒಂದು, ಅಡ್ಡಕ್ಕೆ ಚಾಚುವ ಕೊಂಬೆಯ ತುದಿ ಇನ್ನೊಂದು. ನೆಟ್ಟಗಿನ ಚಿಗುರಿನಿಂದ ಕಸಿ ಮಾಡಿದರೆ ಗಿಡ ಮರವಾಗಿ ಎತ್ತರಕ್ಕೆ ಬೆಳೆಯುತ್ತದೆ. ಅಡ್ಡ ಕೊಂಬೆಯಿಂದ ಮಾಡಿದರೆ ಪೊದೆಯಾಗಿ ನೆಲದ ಹತ್ತಿರವೇ ಹರಡುತ್ತದೆ. ಪೊದೆಯಂತೆ ಬೆಳೆದದ್ದೂ ಕಾಯಿ ಕೊಡುತ್ತದೆ, ಕೊಯ್ಯಲೂ ಸುಲಭ. ಆದರೆ ಕಾಫಿ, ಅಡಿಕೆಯ ನಡುವೆ ಅದು ಜಾಗ ತಿನ್ನುತ್ತದೆ. ಅಡ್ಡ ಕೊಂಬೆ ಹೇರಳವಾಗಿ ಸಿಗುವುದರಿಂದ ಮಾರಾಟಕ್ಕೆ ಅಂಥ ಗಿಡಗಳೇ ಜಾಸ್ತಿ ಬರುತ್ತವೆ. ಕೊಳ್ಳುವಾಗ ಗಿಡವನ್ನು ಎದುರಿಗೆ ಇಟ್ಟು ನೋಡಿ. ಕಸಿಯ ಮೇಲಿನ ಚಿಗುರು ನೆಟ್ಟಗೆ ನಿಂತು, ಸುತ್ತಲೂ ಕೊಂಬೆ ಬಿಟ್ಟಿದೆಯಾ, ಇಲ್ಲ ಒಂದು ಕಡೆಗೆ ವಾಲಿದೆಯಾ? ಅದರಿಂದಲೇ ತಿಳಿಯುತ್ತದೆ.

ತಳಿಗಳಲ್ಲಿ ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಶ್ವಶ್ರೀ, ಕೇರಳಶ್ರೀ ಇವೆ. ದಾಪೋಲಿಯ ಕೊಂಕಣ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಸುಗಂಧ, ಕೊಂಕಣ ಸ್ವಾದ್ ಇವೆ. ಇದರ ಜೊತೆಗೆ ನಿಮ್ಮ ಊರಲ್ಲೇ ವರ್ಷ ವರ್ಷ ಚೆನ್ನಾಗಿ ಬಿಡುವ ಹಳೆಯ ಹೆಣ್ಣು ಮರ ಇದ್ದರೆ ಅದನ್ನು ಬಿಡಬೇಡಿ. ನಮ್ಮ ಮಳೆ, ನಮ್ಮ ಬೇಸಿಗೆ ಎರಡನ್ನೂ ತಡೆದು ಗೆದ್ದ ಮರ ಅದು. ಅದರ ಚಿಗುರಿನಿಂದ ಕಸಿ ಮಾಡಿಸಿಕೊಳ್ಳಿ.

ಬೀಜ ಹಾಕಿ ಗಿಡ ಎಬ್ಬಿಸಬಹುದಾ?

ಬೇರುಗಿಡಕ್ಕೆ, ಅಂದರೆ ಕಸಿ ಕಟ್ಟಲು ಬೇಕಾದ ಕೆಳಗಿನ ಗಿಡಕ್ಕೆ, ಬೇಕಾದರೆ ಎಬ್ಬಿಸಬಹುದು. ಅಂಗಡಿಯ ಜಾಯಿಕಾಯಿ ಮೊಳೆಯುವುದಿಲ್ಲ. ಈ ಬೀಜ ಒಣಗಿದರೆ ಸತ್ತಂತೆ. ಬಿರಿದ ಹಣ್ಣಿನಿಂದ ತೆಗೆದ ತಾಜಾ ಬೀಜದ ಪತ್ರೆ ಬಿಡಿಸಿ, ಅದೇ ದಿನ ಒದ್ದೆ ಮರಳಿನಲ್ಲಿ ಊರಬೇಕು. ಮೊಳಕೆಗೆ ಒಂದು ತಿಂಗಳಿನಿಂದ ಮೂರು ತಿಂಗಳು ಹಿಡಿಯುತ್ತದೆ. ತಾಳ್ಮೆ ಇರಲಿ.

ನೆಡುವುದು, ಗೊಬ್ಬರ, ನೀರು?

ಮಳೆ ಹಿಡಿದ ಮೇಲೆ, ಮೃಗಶಿರ ಅಥವಾ ಆರಿದ್ರಾದಲ್ಲಿ ನೆಡಿ. ಗುಂಡಿ ಉದ್ದ, ಅಗಲ, ಆಳ 90 ಸೆಂ.ಮೀ. ಇರಲಿ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ಕಸಿ ಕಟ್ಟಿದ ಜಾಗ ಮಣ್ಣಿನಿಂದ ಮೇಲೆ ಇರಬೇಕು. ಅದರ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಗಾಳಿಗೆ ಅಲುಗದಂತೆ ಕೋಲು ಕಟ್ಟಿ.

ಮೊದಲ ವರ್ಷ ಗಿಡಕ್ಕೆ ಸಾರಜನಕ 20 ಗ್ರಾಂ, ರಂಜಕ 18 ಗ್ರಾಂ, ಪೊಟ್ಯಾಷ್ 50 ಗ್ರಾಂ ಸಾಕು. ವರ್ಷ ವರ್ಷ ಏರಿಸುತ್ತಾ ಹೋಗಿ, 15 ವರ್ಷ ದಾಟಿದ ಮರಕ್ಕೆ 500, 250, 1,000 ಗ್ರಾಂ ಕೊಡಬೇಕು ಎಂಬುದು ಶಿಫಾರಸು. ಇದು ಶುದ್ಧ ಪೋಷಕಾಂಶದ ಲೆಕ್ಕ, ಚೀಲದ ಗೊಬ್ಬರದ ತೂಕವಲ್ಲ. ಜೊತೆಗೆ ಕೊಟ್ಟಿಗೆ ಗೊಬ್ಬರ ಮೊದಲು 10 ಕೆ.ಜಿ., ದೊಡ್ಡ ಮರಕ್ಕೆ 50 ಕೆ.ಜಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹೋಗಿ.

ಬುಡ ಅಗೆಯಬೇಡಿ. ಬೇರು ಮೇಲೆಯೇ ಇರುತ್ತದೆ. ತರಗೆಲೆ ದಪ್ಪನಾಗಿ ಹೊದಿಸಿ. ಮಲೆನಾಡಿನ ತೋಟದಲ್ಲಿ ತರಗೆಲೆಗೆ ಬರವಿಲ್ಲ, ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಕಾಪು ಬೇರೆ ಇಲ್ಲ.

ಫಸಲು ಯಾವಾಗ ಶುರು? ಎಷ್ಟು ವರ್ಷ ಬರುತ್ತದೆ?

ಕಸಿ ಗಿಡ ನಾಲ್ಕೈದು ವರ್ಷಕ್ಕೆ ಕಾಯಿ ತೋರಿಸುತ್ತದೆ. ಬೀಜದ ಗಿಡಕ್ಕೆ ಏಳೆಂಟು ವರ್ಷ. ಪೂರ್ಣ ಫಸಲು ಹದಿನೈದು, ಇಪ್ಪತ್ತನೇ ವರ್ಷದಿಂದ. ಚೆನ್ನಾಗಿ ಸಾಕಿದ ದೊಡ್ಡ ಮರ ವರ್ಷಕ್ಕೆ 1,000ಕ್ಕೂ ಹೆಚ್ಚು ಕಾಯಿ ಕೊಡಬಲ್ಲದು. ಆಮೇಲೆ ಹಲವು ದಶಕ ಕೊಡುತ್ತಲೇ ಇರುತ್ತದೆ. ಮೂರು ವರ್ಷದಲ್ಲಿ ಸಾಲ ತೀರಿಸುವ ಲೆಕ್ಕಕ್ಕೆ ಇದು ಆಗಿಬರುವುದಿಲ್ಲ. ಮಕ್ಕಳ ಕಾಲಕ್ಕೂ ಇರಲಿ ಎಂದು ನೆಡುವವರ ಮರ ಇದು.

ಕೊಯ್ಲು ಹೇಗೆ?

ಹೂವಿನಿಂದ ಹಣ್ಣಾಗಲು ಸುಮಾರು ಒಂಬತ್ತು ತಿಂಗಳು. ವರ್ಷವಿಡೀ ಅಲ್ಲೊಂದು ಇಲ್ಲೊಂದು ಬರುತ್ತದೆ. ಮುಖ್ಯ ಫಸಲು ಜೂನ್‌ನಿಂದ ಆಗಸ್ಟ್‌ವರೆಗೆ. ಅಂದರೆ ನಮ್ಮಲ್ಲಿ ಬಿಡದೆ ಮಳೆ ಹೊಯ್ಯುವ ಹೊತ್ತಿಗೆ ಸರಿಯಾಗಿ.

ಹಣ್ಣು ಬಿರಿಯುವವರೆಗೆ ಕೊಯ್ಯಬೇಡಿ. ಎಳೆಯದನ್ನು ಕೊಯ್ದರೆ ಜಾಪತ್ರೆ ಬಿಳಿಚಿ, ತಿರುಳು ಚಿರುಟುತ್ತದೆ. ಬಿರಿದದ್ದನ್ನು ಕೊಕ್ಕೆ ಕೋಲಿನಿಂದ ಕೊಯ್ದರೆ ಉತ್ತಮ. ತಾನಾಗಿ ಉದುರಿದ್ದನ್ನೂ ಆರಿಸಬಹುದು, ಆದರೆ ಅದೇ ದಿನ ಆರಿಸಬೇಕು. ಮಳೆಗಾಲದ ಒದ್ದೆ ನೆಲದಲ್ಲಿ ಒಂದು ರಾತ್ರಿ ಬಿದ್ದರೂ ಬೂಸಲು ಶುರುವಾಗುತ್ತದೆ. ಮರದ ಕೆಳಗೆ ಬಲೆ ಹಾಸಿದರೆ ಕೆಲಸ ಹಗುರ. ಆಳು ಸಿಗದ ಈ ಕಾಲದಲ್ಲಿ ಮನೆಯವರೇ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಬರಬಹುದಾದಷ್ಟೇ ಮರ ಇಟ್ಟುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಒಣಗಿಸುವುದು ಹೇಗೆ?

ಬೆಳೆಗಾರ ಗೆಲ್ಲುವುದು, ಸೋಲುವುದು ಎರಡೂ ಇಲ್ಲೇ. ಮರ ಎಷ್ಟೇ ಚೆನ್ನಾಗಿ ಕೊಟ್ಟರೂ ಒಣಗಿಸುವುದು ಕೆಟ್ಟರೆ ಬೆಲೆ ಇಲ್ಲ. ಕಾಫಿ ಕಣ ಜುಲೈಯಲ್ಲಿ ಪಾಚಿ ಕಟ್ಟಿರುತ್ತದೆ, ಅಲ್ಲಿ ಹರವುವ ಮಾತೇ ಇಲ್ಲ. ಕೇರಳದ ಹಾಗೆ ನಮ್ಮಲ್ಲೂ ಡ್ರೈಯರ್ ಇಲ್ಲದೆ ಆಗುವುದಿಲ್ಲ. ಹಳೆಯ ಏಲಕ್ಕಿ ಗೂಡು ಇದ್ದವರು ಅದನ್ನೇ ಬಳಸಬಹುದು, ಆದರೆ ಹೊಗೆ ತಾಗದಂತೆ ನೋಡಿಕೊಳ್ಳಬೇಕು. ಹೊಗೆ ವಾಸನೆ ಹಿಡಿದ ಜಾಪತ್ರೆಯನ್ನು ವ್ಯಾಪಾರಿ ಕೈಯಲ್ಲಿ ಎತ್ತಿ ನೋಡಿ ಪಕ್ಕಕ್ಕೆ ಇಡುತ್ತಾನೆ.

ಮೊದಲು ಸಿಪ್ಪೆ ತೆಗೆಯಿರಿ. ಆಮೇಲೆ ಜಾಪತ್ರೆಯನ್ನು ಬೆರಳಿನಿಂದ ಬುಡದಿಂದ ಬಿಡಿಸಿ. ಹರಿಯದೆ ಇಡಿಯಾಗಿ ಬಂದರೆ ಬೆಲೆ ಜಾಸ್ತಿ. ಬಣ್ಣ ಉಳಿಯಬೇಕಾದರೆ 75 ಡಿಗ್ರಿ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು ಒಣಗಿಸುವ ಕ್ರಮ ಇದೆ. ಕುದಿಯುವ ನೀರು ಬೇಡ. ಒಣಗುತ್ತಾ ಬಂದ ಹಾಗೆ ಕಡುಗೆಂಪು ಕಿತ್ತಳೆಗೆ ತಿರುಗುತ್ತದೆ. ಮುರಿದರೆ ಪಟ್ಟೆಂದು ಮುರಿಯಬೇಕು.

ಕಾಯಿಯನ್ನು ಚಿಪ್ಪಿನ ಸಮೇತ ಬೇರೆಯಾಗಿ ಒಣಗಿಸಿ. ಅಲುಗಿಸಿದಾಗ ಒಳಗೆ ತಿರುಳು ಗಡಗಡ ಎನ್ನಬೇಕು. ಬಿಸಿಲಿನಲ್ಲಾದರೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಡ್ರೈಯರಿನಲ್ಲಿ ಬೇಗ ಆಗುತ್ತದೆ. ಆದರೆ ಬೇಗ ಆಗಲಿ ಎಂದು ಬಿಸಿ ಏರಿಸಬೇಡಿ, 45 ಡಿಗ್ರಿಯ ಆಸುಪಾಸು ಸಾಕು. ಜಾಯಿಕಾಯಿಯೊಳಗೆ ಕೊಬ್ಬು ತುಂಬಾ ಇದೆ. ಬಿಸಿ ಜಾಸ್ತಿಯಾದರೆ ಅದು ಕರಗಿ ಕಾಯಿ ಕೆಡುತ್ತದೆ, ಪರಿಮಳದ ಎಣ್ಣೆಯೂ ಹಾರಿಹೋಗುತ್ತದೆ.

ಅರೆಬರೆ ಒಣಗಿದ ಕಾಯಿಯಲ್ಲಿ ಬೂಸಲು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುವಂಥದ್ದು. ಹೊರದೇಶಕ್ಕೆ ಹೋಗುವ ಮಾಲಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ. ಬೂಸಲು ಬಂದ ಕಾಯಿಯನ್ನು ಒರೆಸಿ, ಒಳ್ಳೆಯದರ ಜೊತೆ ಬೆರೆಸಿ ಕಳಿಸುವುದನ್ನು ದಯವಿಟ್ಟು ಮಾಡಬೇಡಿ. ಅದು ಯಾರದೋ ಮನೆಯ ಪಾಯಸಕ್ಕೆ ಬೀಳುತ್ತದೆ.

ಯಾವ ರೋಗ ಬರುತ್ತದೆ?

ನಮ್ಮ ಮಳೆಗೆ ಮುಖ್ಯವಾಗಿ ಕಾಯಿ ಕೊಳೆ. ಎಳೆಗಾಯಿ ಬಲಿಯುವ ಮೊದಲೇ ಬಿರಿದು, ಒಳಗಿನ ಪತ್ರೆ ಕೊಳೆತು ಉದುರುತ್ತದೆ. ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೇ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಇದಕ್ಕೂ. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯಿರಿ. ಕೊಂಬೆ ತುದಿಯಿಂದ ಒಣಗುತ್ತಾ ಬಂದರೆ ಹಸಿರು ಭಾಗದವರೆಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಎಲೆಗಳಿಗೆ ಬಿಳಿ ಅಥವಾ ಕಪ್ಪು ನೂಲಿನಂಥ ಬೂಸಲು ಸುತ್ತಿಕೊಂಡರೆ ಆ ರೆಂಬೆ ತೆಗೆದು ಸುಡಿ. ನೆರಳು ತೀರಾ ದಟ್ಟವಾದ ಕಡೆ ಅದು ಜಾಸ್ತಿ. ಮೇಲಿನ ಮರವನ್ನು ಸ್ವಲ್ಪ ಗಸಿ ಮಾಡಿ.

ಸಿಪ್ಪೆ ಎಸೆಯಬೇಕಾ?

ಸುಮ್ನೆ ಗೊಬ್ಬರದ ಗುಂಡಿಗೆ ಹಾಕಬೇಡಿ. ಹಣ್ಣಿನ ತೂಕದಲ್ಲಿ ದೊಡ್ಡ ಪಾಲು ಸಿಪ್ಪೆಯೇ. ಹುಳಿ, ಒಗರು, ಘಮ ಮೂರೂ ಇದೆ. ಉಪ್ಪಿನಕಾಯಿಗೆ ಬಹಳ ಚೆನ್ನಾಗಿರುತ್ತದೆ. ಹೆಚ್ಚಿ ಉಪ್ಪು ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಒಗರು ಇಳಿಯುತ್ತದೆ. ಬಂಡಾದವರು ಅದನ್ನು ಸಕ್ಕರೆಯಲ್ಲಿ ಹಾಕಿ ಒಣಗಿಸಿ ಸಿಹಿ ಮಾಡುತ್ತಾರೆ. ಗ್ರೆನಡಾದವರು ಜೆಲ್ಲಿ, ಶರಬತ್ತು ಮಾಡಿ ಪ್ರವಾಸಿಗರಿಗೆ ಮಾರುತ್ತಾರೆ. ನಮ್ಮ ಹೋಂಸ್ಟೇಗಳಲ್ಲಿ ಇದು ಯಾಕೆ ಇನ್ನೂ ಮೇಜಿಗೆ ಬರುತ್ತಿಲ್ಲ?

ಅಡುಗೆಗೆ ಎಷ್ಟು ಹಾಕಬೇಕು?

ಚಿಟಿಕೆ. ಹೋಳಿಗೆಯ ಹೂರಣಕ್ಕೆ, ಪಾಯಸಕ್ಕೆ ಏಲಕ್ಕಿಯ ಜೊತೆ ಸ್ವಲ್ಪ ತುರಿದರೆ ಸಾಕು. ಪಲಾವಿಗೆ, ಮಾಂಸದ ಮಸಾಲೆಗೆ ಜಾಪತ್ರೆಯ ಒಂದೆರಡು ಎಸಳು. ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟರೆ ಘಮ ಹೋಗುತ್ತದೆ. ಇಡೀ ಕಾಯಿ ಇಟ್ಟುಕೊಂಡು ಬೇಕಾದಾಗ ತುರಿಯಿರಿ.

ಮಗು ನಿದ್ದೆ ಮಾಡಲಿ ಎಂದು ತೇದು ನೆಕ್ಕಿಸಬಹುದಾ?

ಬಜೆಯ ಜೊತೆ ಜಾಯಿಕಾಯಿ ತೇದು ನೆಕ್ಕಿಸುವ ರೂಢಿ ನಮ್ಮ ಮನೆಗಳಲ್ಲಿ ಹಳೆಯದು. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ಹೇಳುತ್ತೇನೆ, ಬೇಡ. ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದೆ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ಮಿದುಳಿನ ಮೇಲೆ ಕೆಲಸ ಮಾಡುತ್ತದೆ. ಕಲ್ಲಿನ ಮೇಲೆ ಎಷ್ಟು ಸುತ್ತು ತೇದರೆ ಎಷ್ಟು ಇಳಿಯಿತು ಎಂದು ಅಳೆಯಲು ಆಗುವುದಿಲ್ಲ. ಅಷ್ಟು ಎಳೆಯ ಮೈಗೆ ಅಂಥ ಅಂದಾಜು ಬೇಡ.

ದೊಡ್ಡವರಿಗೂ ಜಾಸ್ತಿಯಾದರೆ ಅಪಾಯವೇ. ಒಂದೆರಡು ಚಮಚ ಪುಡಿ ತಿಂದರೆ ಕೆಲವು ಗಂಟೆ ಬಿಟ್ಟು ಎದೆ ಡವಡವ, ಬಾಯಿ ಒಣಗುವುದು, ವಾಂತಿ, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಒಂದು ದಿನಕ್ಕೂ ಮೀರಿ ಕಾಡಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದಿದ್ದು ಎಂದು ಹೇಳಿ. ಗರ್ಭಿಣಿಯರು ಔಷಧಿಯೆಂದು ತೆಗೆದುಕೊಳ್ಳಬಾರದು. ನಾಯಿಗೂ ಇದು ವಿಷ, ಒಣಗಲು ಹರವಿದ ಕಡೆ ಬಿಡಬೇಡಿ.

ಈ ಕಾಯಿಗಾಗಿ ಯುದ್ಧ ಆಗಿತ್ತಂತೆ, ನಿಜವಾ?

ನಿಜ. ಅದನ್ನು ಯುದ್ಧ ಎನ್ನುವುದಕ್ಕಿಂತ ಕೊಲೆ ಎನ್ನಬೇಕು. 18ನೇ ಶತಮಾನದ ಕೊನೆಯ ಭಾಗದವರೆಗೆ ಜಗತ್ತಿನ ಜಾಯಿಕಾಯಿ ಹೆಚ್ಚುಕಡಿಮೆ ಎಲ್ಲವೂ ಬಂಡಾದಿಂದಲೇ ಬರುತ್ತಿತ್ತು. ಬಂಡಾದವರು ಶತಮಾನಗಳಿಂದ ಜಾವಾ, ಮಲಯ, ಅರಬ್ ವ್ಯಾಪಾರಿಗಳಿಗೆ ಮಾರುತ್ತಿದ್ದರು. 1512ರಲ್ಲಿ ಪೋರ್ಚುಗೀಸರು ಬಂದರು. ಆಮೇಲೆ ಡಚ್ಚರು ಬಂದು ತಮಗೆ ಮಾತ್ರ ಮಾರಬೇಕು ಎಂದರು. ಬಂಡಾದವರು ಒಪ್ಪಲಿಲ್ಲ. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೂನ್ ಕೂನ್ ಪಡೆ ತಂದು ದ್ವೀಪಗಳನ್ನು ಹಿಡಿದ. ಸುಮಾರು 15,000 ಜನರಿದ್ದ ಕಡೆ ಕೊನೆಗೆ ಉಳಿದವರು ಸಾವಿರದಷ್ಟು ಎಂದು ಅಂದಾಜು. ಕೆಲವರನ್ನು ಕೊಂದರು, ಕೆಲವರು ಹಸಿವಿನಿಂದ ಸತ್ತರು, ಕೆಲವರನ್ನು ಗುಲಾಮರಾಗಿ ಹಡಗು ಹತ್ತಿಸಿದರು, ಕೆಲವರು ಬೇರೆ ದ್ವೀಪಗಳಿಗೆ ಓಡಿದರು. ಖಾಲಿಯಾದ ತೋಟಗಳನ್ನು ತುಂಡು ಮಾಡಿ ಡಚ್ಚರಿಗೆ ಹಂಚಿ, ಹೊರಗಿನಿಂದ ತಂದ ಗುಲಾಮರಿಂದ ದುಡಿಸಿದರು. ಬೇರೆಲ್ಲೂ ಮೊಳೆಯಬಾರದೆಂದು ಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಳಿಸುತ್ತಿದ್ದರು.

ರುನ್ ಎಂಬ ಪುಟ್ಟ ದ್ವೀಪಕ್ಕೆ ಪ್ರತಿಯಾಗಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಕೊಟ್ಟರು ಎಂಬ ಮಾತು ಎಲ್ಲರ ಬಾಯಲ್ಲಿದೆ. ಆಗಿದ್ದು ಇಷ್ಟು: 1667ರ ಬ್ರೆಡಾ ಒಪ್ಪಂದದಲ್ಲಿ, ಯಾರ ಕೈಯಲ್ಲಿ ಏನಿತ್ತೋ ಅದು ಅವರಿಗೇ ಎಂದಾಯಿತು. ರುನ್ ಡಚ್ಚರಿಗೆ ಉಳಿಯಿತು, ಇಂಗ್ಲಿಷರು ಆಗಲೇ ಹಿಡಿದಿದ್ದ ಮ್ಯಾನ್‌ಹಟನ್ ಇಂಗ್ಲಿಷರಿಗೆ ಉಳಿಯಿತು.

ಮತ್ತೆ ನಮ್ಮ ದೇಶಕ್ಕೆ ಮರ ಹೇಗೆ ಬಂತು?

ಕಾಯಿ ಬಹಳ ಮೊದಲೇ ಬಂದಿತ್ತು. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಜಾತೀಫಲದ ಮಾತು ಇದೆ. ಮರ ಬಂದದ್ದು ತಡವಾಗಿ. 1770ರ ಹೊತ್ತಿಗೆ ಪಿಯರ್ ಪುವಾವ್ರ್ ಎಂಬ ಫ್ರೆಂಚ್ ಅಧಿಕಾರಿ ಡಚ್ಚರ ಕಣ್ಣು ತಪ್ಪಿಸಿ ಗಿಡಗಳನ್ನು ಮಾರಿಷಸ್‌ಗೆ ತರಿಸಿದ. ಆಮೇಲೆ ಬ್ರಿಟಿಷರು ಬಂಡಾವನ್ನು ಕೆಲಕಾಲ ಹಿಡಿದಾಗ ಪೆನಾಂಗ್, ಸಿಲೋನ್, ಭಾರತಕ್ಕೆ ಗಿಡ ಸಾಗಿಸಿದರು. ತಮಿಳುನಾಡಿನ ಕುರ್ತಾಲಂನಲ್ಲಿ ಆಗ ಸಾಂಬಾರ ತೋಟ ಮಾಡಿದ್ದರು. ಇವತ್ತು ಭಾರತದಲ್ಲಿ ಇದರ ದೊಡ್ಡ ನೆಲೆ ಕೇರಳ. ಬಾಬಾಬುಡನ್ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದರು ಎಂದು ನಂಬುವ ನೆಲ ನಮ್ಮದು. ಹೊರಗಿನ ಗಿಡವನ್ನು ಸಾಕಿ ಬೆಳೆಸುವುದು ನಮಗೆ ಹೊಸದಲ್ಲ.

ತೋಟದಲ್ಲಿ ರಾಮಪತ್ರೆ ಮರ ಇದೆ. ತೆಗೆದು ಜಾಯಿಕಾಯಿ ಹಾಕಲಾ?

ಹಾಕಬೇಡಿ. ಒಂದು ರಾಮಪತ್ರೆ ಆ ಎತ್ತರಕ್ಕೆ ಬರಲು ಎಷ್ಟು ಮಳೆಗಾಲ ಬೇಕಾಗಿರಬಹುದು ಯೋಚಿಸಿ. ಅದರ ಪತ್ರೆಗೂ ಮಾರುಕಟ್ಟೆ ಇದೆ, ಬೀಜದಿಂದ ಎಬ್ಬಿಸಿದ ಗಿಡ ಜಾಯಿಕಾಯಿ ಕಸಿಗೆ ಬೇರುಗಿಡವಾಗಿಯೂ ಬರುತ್ತದೆ. ಪತ್ರೆ ಆರಿಸುವಾಗ ಕೊಂಬೆ ಕಡಿಯದೆ, ಹಕ್ಕಿಗೂ ಮೊಳಕೆಗೂ ಒಂದು ಪಾಲು ಬಿಡಿ. ಜಾಯಿಕಾಯಿಯನ್ನು ಅದರ ನೆರಳಿನಲ್ಲೇ ನೆಡಬಹುದಲ್ಲ.

ಗಿಡ, ಸಲಹೆ ಎಲ್ಲಿ ಸಿಗುತ್ತದೆ?

ಸಕಲೇಶಪುರದ ಸಾಂಬಾರ ಮಂಡಳಿ ಕಚೇರಿ, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ, ಈ ಮೂರು ಕಡೆ ಮೊದಲು ಕೇಳಿ. ಕೊಡಗಿನ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಒಳ್ಳೆಯ ಕಸಿ ಗಿಡ ಮಳೆಗಾಲ ಶುರುವಾದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಬೇಸಿಗೆಯಲ್ಲೇ ಹೇಳಿಟ್ಟಿರಬೇಕು. ಖಾಸಗಿ ನರ್ಸರಿಯಿಂದ ತರುವುದಾದರೆ ತಾಯಿಮರ ತೋರಿಸಿ ಎಂದು ಕೇಳಿ. ಹತ್ತು ಹೆಣ್ಣು ಕಸಿಗೆ ಒಂದು ಗಂಡು ಕಸಿಯನ್ನೂ ಬರೆಸಿ, ಗಂಡು ಗಿಡಕ್ಕೆ ಬೇರೆ ಬಣ್ಣದ ದಾರ ಕಟ್ಟಿಸಿಕೊಂಡು ಬನ್ನಿ.